ಬಾಣಂತನ ಮುಗಿದ ಮೇಲೆ ಯಾರು ಬರುತ್ತಾರೆ?

ತವರಿನಲ್ಲಿ ಮೂರು ತಿಂಗಳೋ ಐದು ತಿಂಗಳೋ ಬಾಣಂತನ ನಡೆಯುತ್ತದೆ. ಎಣ್ಣೆ ನೀರು, ಸಾಂಬ್ರಾಣಿ ಹೊಗೆ, ಹೊತ್ತು ಹೊತ್ತಿಗೆ ಬಿಸಿ ಊಟ, ನಡುರಾತ್ರಿ ಮಗು ಅತ್ತರೆ ಎತ್ತಿಕೊಳ್ಳಲು ಅಮ್ಮ. ಆಮೇಲೆ ಗಂಡನ ಮನೆ. ಅದು ಬೆಂಗಳೂರಿನ ಯಾವುದೋ ಬಡಾವಣೆಯ ಬಾಡಿಗೆ ಮನೆಯಾಗಿದ್ದರೆ, ಬೆಳಿಗ್ಗೆ ಎಂಟಕ್ಕೆ ಹೊರಟ ಗಂಡ ರಾತ್ರಿ ಎಂಟಕ್ಕೆ ಬರುವವರೆಗೆ ತಾಯಿ, ಮಗು ಇಬ್ಬರೇ. ಇಂಗ್ಲೆಂಡಿನಲ್ಲಿರುವ ಕನ್ನಡದ ಮನೆಗಳಲ್ಲಂತೂ ಆ ದಿನ ಯಾವಾಗ ಬರುತ್ತದೆಂದು ಮೊದಲೇ ಗೊತ್ತಿರುತ್ತದೆ. ಬಾಣಂತನ ಮಾಡಲು ಹೋದ ಅಮ್ಮ ಸಂದರ್ಶಕ ವೀಸಾದಲ್ಲಿ ಸಾಮಾನ್ಯವಾಗಿ ಒಂದು ಸಲಕ್ಕೆ ಆರು ತಿಂಗಳು ಮಾತ್ರ ಅಲ್ಲಿರಬಹುದು.

ಹೀಗೆ ಒಬ್ಬಂಟಿಯಾಗುವ ತಾಯಂದಿರಿಗೆ ಜೊತೆಯಾಗಲೆಂದೇ ಇಂಗ್ಲೆಂಡಿನ ಲೆಸ್ಟರ್ ನಗರದಲ್ಲಿ ಮಾರ್ಗರೆಟ್ ಹ್ಯಾರಿಸನ್ 1973ರಲ್ಲಿ ಒಂದು ಕೆಲಸ ಶುರುಮಾಡಿದರು. ಹೆಸರು ‘ಹೋಂ-ಸ್ಟಾರ್ಟ್’. ಮಕ್ಕಳನ್ನು ಸಾಕಿದ ಅನುಭವವಿರುವ ಒಬ್ಬರು, ಪುಟ್ಟ ಮಕ್ಕಳಿರುವ ಮನೆಗೆ ವಾರಕ್ಕೊಮ್ಮೆ ಎರಡು ಮೂರು ಗಂಟೆ ಹೋಗಿ ಬರುವುದು, ಇಷ್ಟೇ ಅದರ ಕ್ರಮ. ಹೋಗುವವರಿಗೆ ಸಂಬಳವಿಲ್ಲ, ಮನೆಯವರು ಏನೂ ಕೊಡಬೇಕಿಲ್ಲ. ಲೆಸ್ಟರ್‌ನಿಂದ ಅದು ಬ್ರಿಟನ್ನಿನ ಊರೂರಿಗೆ ಹರಡಿತು, ನೆದರ್ಲೆಂಡ್ಸ್, ಹಂಗೇರಿಯಂಥ ಬೇರೆ ದೇಶಗಳಿಗೂ ಹೋಯಿತು.

ಹೋಗಿ ಅವರು ಮಾಡುವುದೇನು? ದೊಡ್ಡದೇನೂ ಅಲ್ಲ. ಅವಳಿ ಮಕ್ಕಳ ತಾಯಿಯೊಬ್ಬಳು ಎರಡು ದಿನದಿಂದ ತಲೆ ಬಾಚಿಲ್ಲ ಎಂದುಕೊಳ್ಳಿ. ಬಂದವರು ಒಂದು ಮಗುವನ್ನು ಹೆಗಲಿಗೆ ಹಾಕಿಕೊಂಡು, ಇನ್ನೊಂದನ್ನು ಕಾಲಿನಲ್ಲೇ ತೂಗುತ್ತಾ ಕೂರುತ್ತಾರೆ. ತಾಯಿ ನಿಧಾನವಾಗಿ ಸ್ನಾನ ಮುಗಿಸಿ ಬರುತ್ತಾಳೆ. ಆಮೇಲೆ ಇಬ್ಬರೂ ಸೇರಿ ಒಗೆದ ಬಟ್ಟೆ ಮಡಚುತ್ತಾ ಮಾತಾಡುತ್ತಾರೆ. ಮುಂದಿನ ವಾರ ಮಕ್ಕಳನ್ನು ಗಾಡಿಯಲ್ಲಿ ಕೂರಿಸಿಕೊಂಡು ಪಾರ್ಕಿಗೆ ಹೋಗಿ ಬರಬಹುದು. ಮನೆಯಿಂದ ಹೊರಗೆ ಕಾಲಿಡಲು ಹೆದರುತ್ತಿದ್ದವಳಿಗೆ ಅದೇ ದೊಡ್ಡ ಪ್ರಯಾಣ.

ಮಗುವಿನ ಆರೋಗ್ಯ ನೋಡಲು ಅಲ್ಲಿ ಸರ್ಕಾರದ ನರ್ಸ್ ಬೇರೆ ಬರುತ್ತಾರೆ. ಆದರೆ ಕೈಯಲ್ಲಿ ಫೈಲು ಹಿಡಿದು ಬಂದವರ ಮುಂದೆ, ‘ಈ ಮಗು ಅತ್ತರೆ ನನಗೆ ಸಿಟ್ಟೇ ಬರುತ್ತದೆ’ ಎಂದು ಬಾಯಿಬಿಡಲು ತಾಯಿಗೆ ಭಯ. ಬರೆದುಕೊಂಡರೆ? ನಾನು ಕೆಟ್ಟ ತಾಯಿ ಎಂದುಕೊಂಡರೆ? ಹೋಂ-ಸ್ಟಾರ್ಟ್‌ನ ಸ್ವಯಂಸೇವಕಿ ಬರೆದುಕೊಳ್ಳಲು ಬಂದವರಲ್ಲ, ಅಂಕ ಕೊಡಲು ಬಂದವರೂ ಅಲ್ಲ. ಭೇಟಿ ಬೇಡವೆನಿಸಿದರೆ ತಾಯಿ ಬೇಡವೆನ್ನಬಹುದು. ಮಗುವಿಗೆ ಅಪಾಯವಿದೆ ಎನಿಸಿದರೆ ಮಾತ್ರ ಅವರು ಸುಮ್ಮನಿರುವಂತಿಲ್ಲ, ಸಂಸ್ಥೆಗೆ ತಿಳಿಸಲೇಬೇಕು. ಈ ಕ್ರಮದ ಜೀವಾಳ ತಾಯಿಗೂ ಬಂದವರಿಗೂ ನಡುವಿನ ಸಮಾನತೆಯಲ್ಲಿದೆ ಎಂದೇ ನನ್ನ ನಂಬಿಕೆ.

ಈ ಭೇಟಿಗಳ ಪರಿಣಾಮವನ್ನು ಅಳೆಯಲು ಹೋದವರಿಗೆ ಸಿಕ್ಕ ಉತ್ತರವನ್ನೂ ಹೇಳಬೇಕು. ಉತ್ತರ ಐರ್ಲೆಂಡ್ ಮತ್ತು ಆಗ್ನೇಯ ಇಂಗ್ಲೆಂಡಿನ 162 ಕುಟುಂಬಗಳನ್ನು ಹೋಲಿಸಿ ನೋಡಿದ ಅಧ್ಯಯನವೊಂದನ್ನು ಜೋಸೆಫ್ ರೌಂಟ್ರಿ ಪ್ರತಿಷ್ಠಾನ 2004ರಲ್ಲಿ ಪ್ರಕಟಿಸಿತು. ಕಾಲ ಕಳೆದಂತೆ ತಾಯಂದಿರು ಒಟ್ಟಾರೆ ಸುಧಾರಿಸಿಕೊಂಡಿದ್ದರು. ಸ್ವಯಂಸೇವಕಿ ಬಂದ ಮನೆಗೂ ಬಾರದ ಮನೆಗೂ ಅಂಕಿ ಅಂಶಗಳಲ್ಲಿ ಗಮನಾರ್ಹ ಅಂತರ ಕಾಣಲಿಲ್ಲ. ಆದರೆ ಆ ಭೇಟಿಗಳನ್ನು ಪಡೆದ ತಾಯಂದಿರು ಅವುಗಳನ್ನು ತುಂಬಾ ಮೆಚ್ಚಿ ಮಾತಾಡಿದ್ದರು. ಇದನ್ನು ಹಿಡಿದು ಯೋಜನೆಯೇ ವ್ಯರ್ಥ ಎನ್ನುವವರಿದ್ದಾರೆ. ನಾನು ಒಪ್ಪುವುದಿಲ್ಲ. ಹೇಗೂ ದಾಟುವ ಕಷ್ಟವನ್ನು ಒಬ್ಬಳೇ ದಾಟುವುದಕ್ಕೂ ಜೊತೆಗೊಬ್ಬರು ಇದ್ದು ದಾಟುವುದಕ್ಕೂ ವ್ಯತ್ಯಾಸವಿದೆ.

ನಮ್ಮಲ್ಲಿ ಮನೆ ಭೇಟಿ ಇಲ್ಲವೇ? ಇದೆ, ಅದರ ಹಿಂದೆ ದೊಡ್ಡ ಕಥೆಯೇ ಇದೆ. ಮಹಾರಾಷ್ಟ್ರದ ಗಡಚಿರೋಲಿಯಲ್ಲಿ ಡಾ. ಅಭಯ್ ಬಂಗ್, ಡಾ. ರಾಣಿ ಬಂಗ್ ದಂಪತಿ ಹಳ್ಳಿಯ ಹೆಂಗಸರಿಗೆ ತರಬೇತಿ ಕೊಟ್ಟು ಮನೆಮನೆಗೆ ಕಳಿಸಿದರು. ನವಜಾತ ಶಿಶುಗಳ ಸಾವು ಮೂರನೇ ವರ್ಷಕ್ಕೆ ಶೇ 62ರಷ್ಟು ಇಳಿಯಿತು ಎಂದು 1999ರಲ್ಲಿ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ವರದಿಯಾಯಿತು. 2011ರಿಂದ ದೇಶದ ಆಶಾ ಕಾರ್ಯಕರ್ತೆಯರು ಮಾಡುತ್ತಿರುವುದು ಅದೇ ದಾರಿಯ ಕೆಲಸ. ಆಸ್ಪತ್ರೆಯಲ್ಲಿ ಹೆರಿಗೆಯಾದರೆ 42 ದಿನಗಳೊಳಗೆ ಆರು ಭೇಟಿ. ಜೋಳಿಗೆಯಲ್ಲಿ ಮಗುವನ್ನಿಟ್ಟು ತೂಕ ನೋಡುತ್ತಾರೆ, ಕಂಕುಳಲ್ಲಿ ಥರ್ಮಾಮೀಟರ್ ಇಡುತ್ತಾರೆ, ಗಡಿಯಾರ ನೋಡಿ ಒಂದು ನಿಮಿಷ ಉಸಿರು ಎಣಿಸುತ್ತಾರೆ. ಈ ಆರೂ ಭೇಟಿಗೆ ಸೇರಿ ನಿಗದಿಯಾದ ಪ್ರೋತ್ಸಾಹಧನ 250 ರೂಪಾಯಿ. ಇವರ ಕೈಯಲ್ಲಿ ಎಷ್ಟು ಜೀವ ಉಳಿದಿವೆಯೋ! ಆದರೆ ಇನ್ನೂ ಹತ್ತು ಮನೆ ಬಾಕಿಯಿರುವ ಆಶಾ, ಚಾಪೆ ಹಾಸಿಕೊಂಡು ತಾಯಿಯ ಮಾತು ಕೇಳುತ್ತಾ ಕೂರಲಿ ಎನ್ನುವುದು ಅನ್ಯಾಯ.

ಕೇಳುವವರ ಅಗತ್ಯವಂತೂ ಇದೆ. ಭಾರತದ ಹಲವು ಅಧ್ಯಯನಗಳನ್ನು ಒಟ್ಟುಗೂಡಿಸಿ 2017ರಲ್ಲಿ ಮಾಡಿದ ವಿಶ್ಲೇಷಣೆಯ ಪ್ರಕಾರ, ಹೆರಿಗೆಯ ನಂತರ ಸುಮಾರು ಶೇ 22ರಷ್ಟು ತಾಯಂದಿರಲ್ಲಿ ಖಿನ್ನತೆ ಕಾಣಿಸಿಕೊಳ್ಳುತ್ತದೆ. ಪಕ್ಕದ ಗೋವಾದಲ್ಲಿ ಊರಿನ ಸಾಮಾನ್ಯ ಹೆಂಗಸರನ್ನೇ ‘ಸಖಿ’ಯರನ್ನಾಗಿ ತಯಾರು ಮಾಡಿ, ಖಿನ್ನತೆಯಿರುವ ಗರ್ಭಿಣಿಯರ ಜೊತೆಗೆ ಹೆರಿಗೆಯಾಗಿ ಆರು ತಿಂಗಳವರೆಗೆ ನಿಲ್ಲಿಸಿದ ಪ್ರಯೋಗದ ಫಲಿತಾಂಶ 2019ರಲ್ಲಿ ಬಂತು. ಸಖಿಯರು ಜೊತೆಗಿದ್ದವರಲ್ಲಿ ಖಿನ್ನತೆಯಿಂದ ಹೊರಬಂದವರು ಹೆಚ್ಚಿದ್ದರು. ಪರಿಣಾಮ ಭಾರಿಯೇನಲ್ಲ, ಆದರೆ ಇತ್ತು.

ಕರ್ನಾಟಕದಲ್ಲಿ ಇಂಥವರಿಗೆ ಬರವಿಲ್ಲ. 2000ರ ಹೊತ್ತಿಗೆ ಶುರುವಾದ ಸ್ತ್ರೀಶಕ್ತಿ ಗುಂಪುಗಳಲ್ಲಿ, ಮಕ್ಕಳು ದೊಡ್ಡವರಾಗಿ ಮಧ್ಯಾಹ್ನ ಬಿಡುವಿರುವ ಹೆಂಗಸರು ಊರೂರಲ್ಲೂ ಇದ್ದಾರೆ. ಇರಬೇಕಾದದ್ದು ಅವರನ್ನು ಆರಿಸಿ, ಕಲಿಸಿ, ಯಾವ ಮನೆಗೆ ಯಾರು ಸರಿಹೊಂದುತ್ತಾರೆಂದು ನೋಡಿ ಕಳಿಸುವ ಒಬ್ಬ ಸಂಯೋಜಕಿ. ಬ್ರಿಟನ್ನಿನಲ್ಲೂ ಪುಕ್ಕಟೆ ನಡೆಯದ ಭಾಗ ಇದೇ. ಸ್ಥಳೀಯ ಆಡಳಿತದ ಅನುದಾನ ಕಡಿತವಾದಾಗ ಅಲ್ಲಿ ಹೋಂ-ಸ್ಟಾರ್ಟ್‌ನ ಕೆಲವು ಶಾಖೆಗಳು ಮುಚ್ಚಿದವು. ಹಾಗಾಗಿ ಸಂಯೋಜಕಿಗೆ ಪ್ರೋತ್ಸಾಹಧನವಲ್ಲ, ತಿಂಗಳ ಸಂಬಳ ಬೇಕು. ಒಂದೆರಡು ತಾಲ್ಲೂಕುಗಳಲ್ಲಿ ಮಹಿಳಾ ಮತ್ತು ಮಕ್ಕಳ ಅಭಿವೃದ್ಧಿ ಇಲಾಖೆ ಇದನ್ನು ಮಾಡಿ ನೋಡಲಿ.