ಹಳೆಯ ಮೋಟಾರ್ ಸೈಕಲ್ ಖರೀದಿ: ಯಂತ್ರ, ದಾಖಲೆ ಮತ್ತು ಲೆಕ್ಕದ ಪರೀಕ್ಷೆ

ಬಾಕಿ ವಸೂಲಿಗೆ, ಮಾದರಿ ತಲುಪಿಸುವುದಕ್ಕೆ, ಬ್ಯಾಂಕಿನ ಓಡಾಟಕ್ಕೆ ಒಂದು ದ್ವಿಚಕ್ರ ವಾಹನವಿಲ್ಲದ ಅಂಗಡಿಯಾಗಲೀ ಸಣ್ಣ ಕಾರ್ಖಾನೆಯಾಗಲೀ ಇಂದು ವಿರಳ. ಹೊಸ ವಾಹನಕ್ಕೆ ಬಂಡವಾಳ ತೊಡಗಿಸುವ ಬದಲು ಬಳಸಿದ ವಾಹನವನ್ನು ಕೊಳ್ಳುವುದು ವ್ಯಾವಹಾರಿಕವಾಗಿ ತಪ್ಪಲ್ಲ. ಆದರೆ ಹತ್ತು ಮೂಟೆ ಸರಕನ್ನು ತೂಗಿ, ಮೂಸಿ, ಮುಟ್ಟಿ ನೋಡಿ ಕೊಳ್ಳುವ ವರ್ತಕನೇ ಮೋಟಾರ್ ಸೈಕಲ್ಲಿನ ವಿಷಯದಲ್ಲಿ ಅದರ ಹೊಳಪು ಮತ್ತು ಪರಿಚಿತನ ಮಾತು, ಇವೆರಡನ್ನೇ ನಂಬಿ ಹಣ ಕೊಟ್ಟುಬಿಡುವುದುಂಟು. ಬೆಳ್ಳಗಿರುವುದೆಲ್ಲ ಹಾಲಲ್ಲ ಎಂಬ ಮಾತು ಇಲ್ಲಿಯೂ ಸಲ್ಲುತ್ತದೆ.

ಒಂದು ಕಾಲ್ಪನಿಕ ಉದಾಹರಣೆಯನ್ನು ತೆಗೆದುಕೊಳ್ಳಬಹುದು. ರೂ. 45,000ಕ್ಕೆ ಕೊಂಡ ವಾಹನಕ್ಕೆ ಎರಡೇ ತಿಂಗಳಲ್ಲಿ ಟೈರು, ಚೈನ್, ಬ್ಯಾಟರಿ, ಕ್ಲಚ್ ಪ್ಲೇಟುಗಳಿಗೆಂದು ರೂ. 11,000 ವ್ಯಯವಾದರೆ ಅದರ ನಿಜವಾದ ಬೆಲೆ ರೂ. 56,000. ಅದು ಗ್ಯಾರೇಜಿನಲ್ಲಿದ್ದ ದಿನಗಳಲ್ಲಿ ತಪ್ಪಿದ ವಸೂಲಿ ಇದಕ್ಕೆ ಸೇರಿಲ್ಲ. ಆದುದರಿಂದ ಹೋಲಿಸಬೇಕಾದುದು ಮಾರುವವನು ಹೇಳುವ ಬೆಲೆಯನ್ನಲ್ಲ, ರಸ್ತೆಗೆ ಯೋಗ್ಯವಾಗಿ ಬಂದು ನಿಲ್ಲುವಾಗಿನ ಬೆಲೆಯನ್ನು. 2025ರ ಸೆಪ್ಟೆಂಬರ್ 22ರಿಂದ 350 ಸಿ.ಸಿ.ವರೆಗಿನ ಹೊಸ ಮೋಟಾರ್ ಸೈಕಲ್ಲುಗಳ ಜಿ.ಎಸ್.ಟಿ. ದರವು ಶೇ. 28ರಿಂದ ಶೇ. 18ಕ್ಕೆ ಇಳಿದಿದೆ. ಅದಕ್ಕೆ ಮುಂಚಿನ ಹೊಸ ವಾಹನದ ಬೆಲೆಯನ್ನು ಆಧಾರವಾಗಿಟ್ಟುಕೊಂಡು ಹಳೆಯ ವಾಹನಕ್ಕೆ ಬೆಲೆ ಹೇಳುವವನೊಡನೆ ಚೌಕಾಸಿ ಮಾಡಲು ಇದು ಸಕಾರಣವಾದ ಆಧಾರ.

ಮೊದಲು ಕಾಗದ, ಅನಂತರ ಯಂತ್ರ

ವಾಹನವನ್ನು ನೋಡುವ ಮುನ್ನ ನೋಂದಣಿ ಪತ್ರವನ್ನು ನೋಡತಕ್ಕದ್ದು. ಚಾಸಿಸ್ ಸಂಖ್ಯೆಯನ್ನು ಸಾಮಾನ್ಯವಾಗಿ ಹ್ಯಾಂಡಲಿನ ಕೆಳಗಿನ ಕೊಳವೆಯ ಮೇಲೂ ಎಂಜಿನ್ ಸಂಖ್ಯೆಯನ್ನು ಎಂಜಿನ್ನಿನ ಹೊರಕವಚದ ಮೇಲೂ ಅಚ್ಚೊತ್ತಿರುತ್ತಾರೆ. ಇವೆರಡೂ ಪತ್ರದಲ್ಲಿರುವ ಸಂಖ್ಯೆಗಳಿಗೆ ಅಕ್ಷರಶಃ ತಾಳೆಯಾಗಬೇಕು. ಉಜ್ಜಿದ, ಮತ್ತೆ ಕೊರೆದ ಗುರುತಿದ್ದರೆ ವ್ಯವಹಾರವನ್ನು ಅಲ್ಲಿಗೇ ಕೈಬಿಡುವುದು ಕ್ಷೇಮ. ಪತ್ರದಲ್ಲಿ ಬ್ಯಾಂಕಿನ ಅಥವಾ ಹಣಕಾಸು ಸಂಸ್ಥೆಯ ಹೆಸರಿದ್ದರೆ ಸಾಲ ತೀರಿದೆಯೆಂಬ ಮಾರಾಟಗಾರನ ಮಾತು ಸಾಲದು. ಆ ಸಂಸ್ಥೆಯ ಪತ್ರವೂ ಸಂಸ್ಥೆಯ ಸಹಿಯುಳ್ಳ ನಮೂನೆ 35 ಸಹ ಬೇಕು. ಪಾವತಿಯಾಗದ ಸಂಚಾರ ದಂಡವನ್ನು ಸರಕಾರದ ಪರಿವಾಹನ್ ಜಾಲತಾಣದಲ್ಲಿ ನೋಡಿಕೊಳ್ಳಬಹುದು.

ಖಾಸಗಿ ಬಳಕೆಯ ದ್ವಿಚಕ್ರ ವಾಹನದ ನೋಂದಣಿಯು 15 ವರ್ಷ ಮಾತ್ರ ಊರ್ಜಿತ. ಅನಂತರ ತಪಾಸಣೆಗೊಳಪಡಿಸಿ ಐದೈದು ವರ್ಷಕ್ಕೆ ನವೀಕರಿಸಬೇಕು. ಹದಿಮೂರು, ಹದಿನಾಲ್ಕು ವರ್ಷದ ವಾಹನವು ಅಗ್ಗವಾಗಿ ಕಾಣುವುದಕ್ಕೆ ಇದೂ ಒಂದು ಕಾರಣ.

ನಿಂತ ವಾಹನ ಹೇಳುವ ಸಾಕ್ಷ್ಯ

ಮೀಟರಿನ ಅಂಕಿಯನ್ನು ನಂಬುವ ಮುನ್ನ ಉಳಿದ ಸಾಕ್ಷ್ಯಗಳೊಡನೆ ಹೋಲಿಸಬೇಕು. ದಿನಕ್ಕೆ 20ರಿಂದ 30 ಕಿ.ಮೀ.ನಂತೆ ವರ್ಷಕ್ಕೆ 300 ದಿನ ಓಡಿದರೆ 6,000ದಿಂದ 9,000 ಕಿ.ಮೀ. ಆಗುತ್ತದೆ. ದಿನವೂ ಓಡಿದ ಎಂಟು ವರ್ಷದ ವಾಹನದ ಮೀಟರು 18,000 ತೋರಿಸಿ, ಅದೇ ವೇಳೆ ಕಾಲಿಡುವ ರಬ್ಬರು, ಹಿಡಿಕೆ, ಬ್ರೇಕಿನ ಪೆಡಲುಗಳು ಸವೆದು ನುಣುಪಾಗಿದ್ದರೆ ಅಂಕಿಯೇ ಸುಳ್ಳು. ಟೈರಿನ ಪಕ್ಕದಲ್ಲಿರುವ ನಾಲ್ಕು ಅಂಕಿಗಳು ಅದರ ತಯಾರಿಕೆಯ ವಾರವನ್ನೂ ವರ್ಷವನ್ನೂ ಸೂಚಿಸುತ್ತವೆ. 2319 ಎಂದರೆ 2019ನೆಯ ಇಸವಿಯ 23ನೆಯ ವಾರ. ಕೇವಲ ಎಂಟು ಸಾವಿರ ಕಿ.ಮೀ. ಓಡಿದೆಯೆನ್ನುವ ವಾಹನಕ್ಕೆ ಟೈರುಗಳನ್ನು ಬದಲಿಸಿರುವುದು ಕಂಡರೆ ಕಾರಣ ಕೇಳಬೇಕು.

ಸ್ಪ್ರಾಕೆಟ್ಟಿನ ಹಲ್ಲುಗಳು ಕೊಕ್ಕೆಯಂತೆ ಬಾಗಿದ್ದರೆ ಚೈನ್ ಸಮೇತ ಬದಲಿಸಬೇಕಾದೀತು. ಮುಂಭಾಗದ ಫೋರ್ಕನ್ನು ಅದುಮಿ ಬಿಟ್ಟಾಗ ಕೊಳವೆಯ ಮೇಲೆ ಎಣ್ಣೆಯ ಉಂಗುರ ಕಂಡರೆ ಆಯಿಲ್ ಸೀಲ್ ಹೋಗಿದೆ. ನಡುವಣ ಸ್ಟ್ಯಾಂಡಿನ ಮೇಲೆ ನಿಲ್ಲಿಸಿ ಹ್ಯಾಂಡಲನ್ನು ಮೆಲ್ಲನೆ ತಿರುಗಿಸಿದಾಗ ಮಧ್ಯದಲ್ಲಿ ಎಡವಿದಂತಾದರೆ ಬೇರಿಂಗ್ ಸವೆದಿದೆ. ಹ್ಯಾಂಡಲ್ ನೇರವಿದ್ದೂ ಮುಂದಿನ ಹಿಂದಿನ ಚಕ್ರಗಳು ಒಂದೇ ರೇಖೆಯಲ್ಲಿಲ್ಲದಿದ್ದರೆ, ಚೌಕಟ್ಟಿನ ಬೆಸುಗೆಯ ಬಳಿ ಹೊಸ ಬಣ್ಣವಿದ್ದರೆ, ವಾಹನವು ಅಪಘಾತದಲ್ಲಿ ಸಿಕ್ಕಿರಬಹುದು. ಉಳಿದ ದೋಷಗಳಿಗೆ ಬೆಲೆ ತಗ್ಗಿಸಬಹುದು. ಬಾಗಿದ ಚೌಕಟ್ಟಿಗೆ ಯಾವ ರಿಯಾಯಿತಿಯೂ ಪರಿಹಾರವಲ್ಲ.

ಪೆಟ್ರೋಲ್ ಟ್ಯಾಂಕಿನ ಒಳಗೆ ತುಕ್ಕಿದೆಯೇ ಎಂದು ನೋಡಬೇಕು. 2025ರ ವೇಳೆಗೆ ಶೇ. 20ರಷ್ಟು ಎಥನಾಲ್ ಬೆರೆತ ಪೆಟ್ರೋಲು ದೇಶದಲ್ಲಿ ವ್ಯಾಪಕವಾಗಿ ಬಳಕೆಗೆ ಬಂದಿರುವುದರಿಂದ ಹಳೆಯ ವಾಹನಗಳ ಇಂಧನ ಕೊಳವೆ, ರಬ್ಬರ್ ಸೀಲುಗಳನ್ನು ವಿಶೇಷವಾಗಿ ಪರೀಕ್ಷಿಸುವುದು ಯುಕ್ತ.

ಚಾಲನೆಯಲ್ಲಿ ಪರೀಕ್ಷೆ

ಎಂಜಿನ್ ತಣ್ಣಗಿರುವಾಗಲೇ ಚಾಲೂ ಮಾಡಿಸಬೇಕು. ಕೊಳ್ಳುವವನು ಬರುವ ವೇಳೆಗೆ ವಾಹನವನ್ನು ಬಿಸಿ ಮಾಡಿಟ್ಟಿದ್ದರೆ ಮರುದಿನ ಬೆಳಿಗ್ಗೆ ಬರುವುದೇ ಲೇಸು. ಬಿಸಿಯಾದ ಬಳಿಕವೂ ಸೈಲೆನ್ಸರಿನಿಂದ ನೀಲಿ ಹೊಗೆ ಬರುತ್ತಿದ್ದರೆ ಎಂಜಿನ್ ಆಯಿಲ್ ಉರಿಯುತ್ತಿದೆ. ಪಿಸ್ಟನ್ ರಿಂಗುಗಳೋ ವಾಲ್ವಿನ ಸೀಲುಗಳೋ ಸವೆದಿವೆ. ಕಪ್ಪು ಹೊಗೆಯು ಇಂಧನ ಅತಿಯಾಗಿ ಹೋಗುತ್ತಿರುವುದರ ಸೂಚನೆ. ಇದರ ದುರಸ್ತಿ ಸಾಮಾನ್ಯವಾಗಿ ಅಷ್ಟು ದುಬಾರಿಯಲ್ಲ. 2020ರ ಏಪ್ರಿಲ್ 1ರಿಂದ ಜಾರಿಗೆ ಬಂದ ಬಿ.ಎಸ್. 6 ಮಾನದಂಡದ ವಾಹನಗಳಲ್ಲಿ ಎಂಜಿನ್ ಎಚ್ಚರಿಕೆಯ ದೀಪವೊಂದಿರುತ್ತದೆ. ಕೀಲಿ ತಿರುಗಿಸಿದಾಗ ಅದು ಹೊತ್ತಬೇಕು, ಎಂಜಿನ್ ಚಾಲೂ ಆದಮೇಲೆ ಆರಬೇಕು. ಆರದಿದ್ದರೆ ದೋಷವಿದೆ, ಹೊತ್ತದೇ ಇದ್ದರೆ ದೋಷವನ್ನು ಮುಚ್ಚಿಟ್ಟಿರುವ ಶಂಕೆಗೆ ಎಡೆಯಿದೆ.

ಬ್ಯಾಟರಿಯು ಸುಸ್ಥಿತಿಯಲ್ಲಿದ್ದರೆ ಎಂಜಿನ್ ನಿಂತಾಗ ಸುಮಾರು 12.5 ವೋಲ್ಟ್, ಓಡುವಾಗ ಸುಮಾರು 14 ವೋಲ್ಟ್ ತೋರಿಸುತ್ತದೆ. ಬಳಿಕ ಕನಿಷ್ಠ ಐದಾರು ಕಿ.ಮೀ. ಓಡಿಸಿ, ಎಲ್ಲ ಗೇರುಗಳನ್ನೂ ಬದಲಿಸಿ, ಒಂದು ಏರನ್ನು ಹತ್ತಿಸಿ ನೋಡಬೇಕು. ಏರಿನಲ್ಲಿ ಎಂಜಿನ್ ಸದ್ದು ಹೆಚ್ಚಿ ವೇಗ ಹೆಚ್ಚದಿದ್ದರೆ ಕ್ಲಚ್ ಜಾರುತ್ತಿದೆ. ನಂಬಿಕೆಯ ಮೆಕ್ಯಾನಿಕ್ಕನಿಗೆ ಕೂಲಿ ಕೊಟ್ಟು ಕರೆದೊಯ್ಯುವುದು ಒಳ್ಳೆಯದು. ಆದರೆ ಆತ ಮಾರಾಟಗಾರನ ಕಡೆಯವನಾಗಿರಬಾರದು.

ಹೆಸರು ಬದಲಾಗದಿದ್ದರೆ

ಇಡೀ ವ್ಯವಹಾರದಲ್ಲಿ ಅತ್ಯಂತ ದುಬಾರಿಯಾಗುವ ತಪ್ಪು ಯಂತ್ರದ್ದಲ್ಲ, ಖಾಲಿ ನಮೂನೆಗೆ ಸಹಿ ಪಡೆದು ‘ಆಮೇಲೆ ನೋಡೋಣ’ ಎನ್ನುವುದು. 1988ರ ಮೋಟಾರು ವಾಹನ ಕಾಯಿದೆಯ 50ನೆಯ ಕಲಮಿನ ಪ್ರಕಾರ ಅದೇ ರಾಜ್ಯದೊಳಗಿನ ಮಾರಾಟವನ್ನು ಮಾರಿದವನು 14 ದಿನಗಳಲ್ಲಿ ತಿಳಿಸಬೇಕು. ಕೊಂಡವನು 30 ದಿನಗಳಲ್ಲಿ ವರ್ಗಾವಣೆಗೆ ಅರ್ಜಿ ಸಲ್ಲಿಸಬೇಕು. ಇದಕ್ಕೆ 29 ಮತ್ತು 30ನೆಯ ನಮೂನೆಗಳಿವೆ.

ನವೀನ್ ಕುಮಾರ್ ವಿರುದ್ಧ ವಿಜಯ್ ಕುಮಾರ್ ಪ್ರಕರಣದಲ್ಲಿ ವಾಹನವೊಂದು ಒಬ್ಬರ ಕೈಯಿಂದೊಬ್ಬರಿಗೆ ಮಾರಾಟವಾಗುತ್ತ ಹೋಗಿತ್ತು. ನೋಂದಣಿ ಮಾತ್ರ ಮೊದಲಿನವನ ಹೆಸರಿನಲ್ಲೇ ಉಳಿದಿತ್ತು. ಅಪಘಾತದ ಪರಿಹಾರಕ್ಕೆ ನೋಂದಾಯಿತ ಮಾಲೀಕನೇ ಹೊಣೆಯೆಂದು ಸರ್ವೋಚ್ಚ ನ್ಯಾಯಾಲಯವು 2018ರಲ್ಲಿ ತೀರ್ಪಿತ್ತಿತು. ಅಂಗಡಿಯ ಹಳೆಯ ವಾಹನವನ್ನು ನೌಕರನಿಗೋ ನೆರೆಯವನಿಗೋ ಕೊಟ್ಟು ಮರೆತಿರುವ ವರ್ತಕರು ಇದನ್ನು ನೆನಪಿನಲ್ಲಿಡಬೇಕು. ಮಾರಿ ಎಷ್ಟೇ ವರ್ಷವಾಗಿದ್ದರೂ ನ್ಯಾಯಾಲಯದ ನೋಟೀಸು ಬರುವುದು ಪತ್ರದಲ್ಲಿರುವ ಹೆಸರಿಗೆ.

ವಿಮೆಯ ವಿಷಯದಲ್ಲೂ ತಪ್ಪು ತಿಳಿವಳಿಕೆಯಿದೆ. ಮಾಲೀಕತ್ವ ವರ್ಗಾವಣೆಯಾದಾಗ ಮೂರನೆಯ ವ್ಯಕ್ತಿಗೆ ಸಂಬಂಧಿಸಿದ ವಿಮೆಯು ಕಾಯಿದೆಯ 157ನೆಯ ಕಲಮಿನಂತೆ ಕೊಂಡವನಿಗೆ ವರ್ಗವಾದಂತೆಯೇ. ಆದರೂ 14 ದಿನಗಳಲ್ಲಿ ಕಂಪನಿಗೆ ತಿಳಿಸಬೇಕು. ಸ್ವಂತ ವಾಹನದ ಹಾನಿಯ ವಿಮೆ ಹಾಗೆ ತಾನಾಗಿ ಬರುವುದಿಲ್ಲ. ಹಳಬನ ಕ್ಲೈಮ್ ರಹಿತ ರಿಯಾಯಿತಿಯೂ ಹೊಸಬನಿಗೆ ಸಲ್ಲುವುದಿಲ್ಲ. 2018ರ ಸೆಪ್ಟೆಂಬರಿನಿಂದ ಹೊಸ ದ್ವಿಚಕ್ರ ವಾಹನಗಳಿಗೆ ಐದು ವರ್ಷದ ಮೂರನೆಯ ವ್ಯಕ್ತಿ ವಿಮೆ ಕಡ್ಡಾಯವಾಗಿದೆ. ‘ವಿಮೆ ಇನ್ನೂ ಇದೆ’ ಎಂಬ ಮಾತಿಗೆ ಎಷ್ಟೋ ವೇಳೆ ಇಷ್ಟೇ ಅರ್ಥ.

ಲೆಕ್ಕಪುಸ್ತಕದಲ್ಲಿ

ಆಸ್ತಿಯ ಖರೀದಿಗೆ ಒಬ್ಬನಿಗೆ ಒಂದೇ ದಿನ ರೂ. 10,000ಕ್ಕೆ ಮೀರಿ ನಗದಾಗಿ ಕೊಟ್ಟರೆ ಆ ಮೊತ್ತವು ಆದಾಯ ತೆರಿಗೆಯ ದೃಷ್ಟಿಯಲ್ಲಿ ಆಸ್ತಿಯ ಬೆಲೆಗೆ ಸೇರುವುದಿಲ್ಲ. ಅದರ ಮೇಲೆ ಸವಕಳಿಯೂ ದೊರೆಯದು. 2017ರ ಹಣಕಾಸು ಕಾಯಿದೆಯು ತಂದ ನಿಬಂಧನೆ ಇದು. ಪೂರ್ತಿ ರೂ. 45,000ವನ್ನು ನಗದಾಗಿ ಕೊಟ್ಟವನಿಗೆ ಶೇ. 15ರ ಸವಕಳಿ ಕೈತಪ್ಪುತ್ತದೆ. ಚೆಕ್ ಅಥವಾ ಬ್ಯಾಂಕ್ ವರ್ಗಾವಣೆಯಿಂದ ಕೊಟ್ಟರೆ ಪಾವತಿಗೆ ಪುರಾವೆಯೂ ಆಯಿತು. ಜಿ.ಎಸ್.ಟಿ.ಯಲ್ಲಿ ಜನರ ಓಡಾಟದ ಮೋಟಾರ್ ಸೈಕಲ್ಲಿನ ಮೇಲಿನ ತೆರಿಗೆಗೆ ಸಾಮಾನ್ಯವಾಗಿ ಹೂಡುವಳಿ ತೆರಿಗೆ ಜಮೆ ಇಲ್ಲ.

ವಾಹನವು ಸಂಸ್ಥೆಯ ಅಥವಾ ಮಾಲೀಕನ ಹೆಸರಿನಲ್ಲೇ ಇರಲಿ. ಮೈಸೂರು ಮಿನರಲ್ಸ್ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯವು 1999ರಲ್ಲಿ, ಕ್ರಯಪತ್ರ ನೋಂದಣಿಯಾಗದಿದ್ದರೂ ಸ್ವಾಧೀನ ಪಡೆದು ಬಳಸುತ್ತಿದ್ದ ಮನೆಗಳ ಮೇಲೆ ಸವಕಳಿಗೆ ಅವಕಾಶವಿತ್ತದ್ದು ನಿಜ. ಆದರೆ ರೂ. 45,000ದ ವಾಹನಕ್ಕಾಗಿ ಅಂಥ ವಾದವನ್ನು ಹೂಡುವ ಸ್ಥಿತಿ ಯಾವ ವರ್ತಕನಿಗೂ ಬೇಡ.

ಒಂದು ಬೆಳಗಿನ ಪರೀಕ್ಷೆ, ಮೆಕ್ಯಾನಿಕ್ಕನ ಕೂಲಿ, ವರ್ಗಾವಣೆಯ ಶುಲ್ಕ: ಒಳ್ಳೆಯ ಖರೀದಿಗೆ ಬೇಕಾದ ಹೆಚ್ಚುವರಿ ವೆಚ್ಚ ಇಷ್ಟೇ. ಬೆಲೆಯ ಕೊನೆಯ ಕಂತನ್ನು ನಮೂನೆಗಳು ಸಲ್ಲಿಕೆಯಾದ ದಿನವೇ ಕೊಡುವೆನೆಂದು ಮೊದಲೇ ಹೇಳಿದರೆ ಪ್ರಾಮಾಣಿಕ ಮಾರಾಟಗಾರನು ಆಕ್ಷೇಪಿಸಲಾರನು. ಆಕ್ಷೇಪಿಸಿದರೆ, ಆ ವಾಹನವನ್ನು ಬಿಟ್ಟು ಬೇರೊಂದನ್ನು ಹುಡುಕುವುದೇ ಲಾಭ.