ಜಮಖಾನೆ ತೊಳೆಯುವ ಉದ್ಯೋಗ: ಯಂತ್ರ ಕೊಳ್ಳುವ ಮುನ್ನ

ಮದುವೆಯಿರಲಿ, ಜಾತ್ರೆಯಿರಲಿ, ಪುರಾಣ ಪ್ರವಚನವಿರಲಿ, ನಮ್ಮ ಸೀಮೆಯಲ್ಲಿ ಮೊದಲು ಹಾಸುವುದು ಜಮಖಾನೆ, ಕೊನೆಗೆ ಮಡಿಚುವುದೂ ಜಮಖಾನೆ. ಈ ನಡುವೆ ಅದರ ಮೇಲೆ ನೂರಾರು ಜನ ನಡೆದಾಡಿರುತ್ತಾರೆ, ಸಾರು ಚೆಲ್ಲಿರುತ್ತದೆ, ಕುಂಕುಮ ಉದುರಿರುತ್ತದೆ. ಅದನ್ನು ಶಾಸ್ತ್ರೀಯವಾಗಿ ತೊಳೆದುಕೊಡುವವರು ಮಾತ್ರ ಹಳ್ಳಿಗಳ ಕಡೆ ವಿರಳ. ಸ್ವಂತ ಉದ್ಯೋಗ ಹುಡುಕುವ ತರುಣ ತರುಣಿಯರಿಗೆ ಇಲ್ಲೊಂದು ದಾರಿಯಿದೆ ಎಂದು ನಾವು ಭಾವಿಸುತ್ತೇವೆ. ಆದರೆ ಸಾಲ ಮಾಡಿ ಯಂತ್ರ ತಂದ ಮೇಲೆ ವಿಚಾರ ಮಾಡುವುದಕ್ಕಿಂತ, ವಿಚಾರ ಮಾಡಿ ಯಂತ್ರ ತರುವುದು ಲೇಸು.

ಶಿಗ್ಗಾಂವಿ ತಾಲ್ಲೂಕಿನ ತಡಸವನ್ನೇ ತೆಗೆದುಕೊಳ್ಳೋಣ. ಪುಣೆ–ಬೆಂಗಳೂರು ಹೆದ್ದಾರಿಗೆ ಹೊಂದಿಕೊಂಡ ಈ ಊರಿನಿಂದ ಒಂದು ಕಡೆ ಹುಬ್ಬಳ್ಳಿ, ಇನ್ನೊಂದು ಕಡೆ ಶಿಗ್ಗಾಂವಿ, ಕವಲು ದಾರಿಯಲ್ಲಿ ಮುಂಡಗೋಡ. ಹುಬ್ಬಳ್ಳಿಯ ಕಚೇರಿ, ವಸತಿಗೃಹಗಳಲ್ಲಿ ಹೆಚ್ಚಾಗಿ ಕಾಣುವುದು ಯಂತ್ರದಲ್ಲಿ ತಯಾರಾದ ಕೃತಕ ನೂಲಿನ ಕಾರ್ಪೆಟ್ಟು. ನಮ್ಮ ಮಠಗಳಲ್ಲಿ, ಕಲ್ಯಾಣಮಂಟಪಗಳಲ್ಲಿ, ಶಾಮಿಯಾನದ ಅಂಗಡಿಗಳಲ್ಲಿ ಇರುವುದು ಹತ್ತಿಯ ಜಮಖಾನೆ. ಧಾರವಾಡ ಜಿಲ್ಲೆಯ ನವಲಗುಂದದಲ್ಲಿ ಹೆಣ್ಣುಮಕ್ಕಳು ಕೈಯಿಂದ ನೇಯುವ ಜಮಖಾನೆಗೆ 2011ರಲ್ಲಿ ಭೌಗೋಳಿಕ ಗುರುತಿನ ಮಾನ್ಯತೆ ದೊರೆಯಿತು. ಅಂಥದೊಂದು ಮನೆಯಲ್ಲಿದ್ದರೆ ಅದು ಆಸ್ತಿಯೇ ಸರಿ. ಇನ್ನು ಮುಂಡಗೋಡದಲ್ಲಿ 1966ರಲ್ಲಿ ಟಿಬೆಟಿಯನ್ನರ ವಸತಿ ಸ್ಥಾಪನೆಯಾಯಿತು. ಉಣ್ಣೆಯನ್ನು ಗಂಟು ಹಾಕಿ ನೇಯುವ ರತ್ನಗಂಬಳಿ ಅವರ ಪರಂಪರೆಯ ಕಲೆ.

ಹೀಗೆ ಮೂರು ದಾರಿ, ಮೂರು ಬಗೆಯ ನೂಲು. ಎಲ್ಲದಕ್ಕೂ ಒಂದೇ ಯಂತ್ರ ಸಾಕು ಎಂಬ ಮಾರಾಟಗಾರರ ಮಾತನ್ನು ನಾವು ಒಪ್ಪಲಾರೆವು. ಅಂಚಿನಿಂದ ಒಂದೆಳೆ ಕಿತ್ತು ಸುಟ್ಟು ನೋಡಬೇಕು. ಕೂದಲು ಸುಟ್ಟ ವಾಸನೆ ಬಂದರೆ ಉಣ್ಣೆ, ಕಾಗದ ಸುಟ್ಟ ವಾಸನೆ ಬಂದರೆ ಹತ್ತಿ, ಕರಗಿ ಮಣಿಯಂತೆ ಗಟ್ಟಿಯಾದರೆ ಕೃತಕ ನೂಲು. ಕೃತಕ ನೂಲಿನದು ಸುಲಭದ ಕೆಲಸ. ಬಿಸಿನೀರನ್ನು ಸಿಂಪಡಿಸಿ ಆ ಕ್ಷಣವೇ ಹೀರಿಕೊಳ್ಳುವ ಯಂತ್ರ ಅದಕ್ಕೆ ತಕ್ಕುದು. ಉಣ್ಣೆ ಹಾಗಲ್ಲ. ಬಿಸಿನೀರು, ಸೋಡಾ, ಒರಟು ತಿಕ್ಕಾಟ ಮೂರೂ ಸೇರಿದರೆ ಅದು ಗಂಟುಗಟ್ಟಿ ಕುಗ್ಗುತ್ತದೆ. ಕ್ಲೋರಿನ್ ಬ್ಲೀಚು ತಾಗಿದರಂತೂ ಉಣ್ಣೆಯೇ ಕರಗುತ್ತದೆ. ತಣ್ಣೀರು, ಸೌಮ್ಯವಾದ ಮಾರ್ಜಕ, ಮೆತ್ತನೆಯ ಬ್ರಷ್ಷು, ಇವಿಷ್ಟೇ ಅದಕ್ಕೆ ಬೇಕು. ನಮ್ಮ ಅಜ್ಜಿಯಂದಿರು ಕಂಬಳಿಗೆ ಅಂಟುವಾಳದ ನೊರೆ ಬಳಸುತ್ತಿದ್ದುದು ಸುಮ್ಮನೆ ಅಲ್ಲ. ಹತ್ತಿಯ ಜಮಖಾನೆಗೆ ಬಣ್ಣ ಬಿಡುವ ಭಯ. ತೊಳೆಯುವ ಮೊದಲು ಒದ್ದೆಯಾದ ಬಿಳಿ ಅರಿವೆಯನ್ನು ಪ್ರತಿಯೊಂದು ಬಣ್ಣದ ಮೇಲೂ ಒತ್ತಿ ಹಿಡಿದು ನೋಡಬೇಕು.

ನೀರು ಹಾಕುವುದಕ್ಕಿಂತ ಮೊದಲು ಧೂಳು ತೆಗೆಯಬೇಕು; ಇಲ್ಲವಾದರೆ ಧೂಳು ಕೆಸರಾಗಿ ನೂಲಿನ ಬುಡಕ್ಕೆ ಇಳಿಯುತ್ತದೆ. ಇಂಗ್ಲೆಂಡಿನ ಹ್ಯೂಬರ್ಟ್ ಸೆಸಿಲ್ ಬೂತ್ ಎಂಬ ಎಂಜಿನಿಯರು 1901ರಲ್ಲಿ ಧೂಳು ಹೀರುವ ಯಂತ್ರವನ್ನು ರೂಪಿಸಿದಾಗ ಅದನ್ನು ಮನೆಮನೆಗೆ ಮಾರಲು ಹೊರಡಲಿಲ್ಲ. ಕುದುರೆ ಎಳೆಯುವ ಬಂಡಿಯ ಮೇಲೆ ಹೇರಿಕೊಂಡು ಬೀದಿಯಲ್ಲಿ ನಿಲ್ಲಿಸಿ, ಕಿಟಕಿಯೊಳಗಿಂದ ಉದ್ದನೆಯ ಕೊಳವೆ ಹಾಯಿಸಿ ಕೂಲಿಗೆ ಧೂಳು ತೆಗೆದುಕೊಟ್ಟನು. ಮೂರು ದಾರಿ ಕೂಡುವ ತಡಸಕ್ಕೂ ಈ ಪದ್ಧತಿ ಒಗ್ಗುತ್ತದೆ. ಆದ್ದರಿಂದ ಒದ್ದೆಯನ್ನೂ ಧೂಳನ್ನೂ ಹೀರಬಲ್ಲ ಒಳ್ಳೆಯ ವ್ಯಾಕ್ಯೂಮ್ ಯಂತ್ರವೇ ಮೊದಲ ಖರೀದಿಯಾಗಲಿ. ತಿರುಗುವ ಬ್ರಷ್ಷಿನ ಯಂತ್ರ ಆಮೇಲೆ ಬರಲಿ. ಬಿಸಿನೀರಿನ ಯಂತ್ರವನ್ನು ಹುಬ್ಬಳ್ಳಿಯ ಗಿರಾಕಿಗಳು ಖಚಿತವಾದ ನಂತರ ತಂದರಾಯಿತು. ಅದಕ್ಕೆ ವಿದ್ಯುತ್ತಿನ ಲೆಕ್ಕವೂ ಇದೆ. 230 ವೋಲ್ಟಿನ 16 ಆಂಪಿಯರ್ ಸಾಕೆಟ್ಟು ತಾಳುವುದು ಸುಮಾರು 3,680 ವ್ಯಾಟ್. 2,000 ವ್ಯಾಟಿನ ಹೀಟರು, 1,200 ವ್ಯಾಟಿನ ಎರಡು ಮೋಟಾರು ಒಂದೇ ತಂತಿಯಲ್ಲಿ ಓಡಿದರೆ 4,400 ಆಗುತ್ತದೆ. ಗಿರಾಕಿಯ ಮನೆಯ ಫ್ಯೂಜು ಹಾರಿಸಿ ಬಂದವನನ್ನು ಎರಡನೆಯ ಸಲ ಯಾರು ಕರೆದಾರು?

ಆದರೂ ಈ ಉದ್ಯೋಗದ ನಿಜವಾದ ಪರೀಕ್ಷೆ ತೊಳೆಯುವುದರಲ್ಲಿ ಇಲ್ಲ, ಒಣಗಿಸುವುದರಲ್ಲಿದೆ. ಉಣ್ಣೆ ತನ್ನ ತೂಕದ ಸುಮಾರು ಶೇಕಡಾ 30ರಷ್ಟು ತೇವವನ್ನು ಒಳಗಿಟ್ಟುಕೊಂಡೂ ಕೈಗೆ ಒಣಗಿದಂತೆಯೇ ತೋರಬಲ್ಲದು. ದಪ್ಪ ಜಮಖಾನೆ ಒಂದೆರಡು ದಿನ ಒದ್ದೆಯಾಗಿಯೇ ಉಳಿದರೆ ಮುಗ್ಗಲು ವಾಸನೆ, ಬೂಸು ಹತ್ತುತ್ತವೆ. ಕಂದು ಕಲೆಗಳೂ ಏಳಬಹುದು. ಶ್ರಾವಣದಲ್ಲಿ ಮಠಮಂದಿರಗಳಿಂದ ಬೇಡಿಕೆ ಬರುತ್ತದೆ, ಬಿಸಿಲು ಬರುವುದಿಲ್ಲ! ಆದುದರಿಂದ ದುಬಾರಿ ಯಂತ್ರಕ್ಕೆ ಮೀಸಲಿಟ್ಟ ಹಣದಲ್ಲಿ ಒಂದು ಪಾಲನ್ನು ತಗಡಿನ ಚಪ್ಪರಕ್ಕೆ, ಬಿದಿರಿನ ಅಡ್ಡಗಳಕ್ಕೆ, ಗಾಳಿ ಊದುವ ಫ್ಯಾನುಗಳಿಗೆ ಕೊಡಬೇಕೆಂಬುದು ನಮ್ಮ ಸಲಹೆ. ಇಳಿಜಾರಾದ ಸಿಮೆಂಟು ಕಟ್ಟೆಯೂ ಬೇಕು. ಕೊಳವೆಬಾವಿಯ ನೀರು ಗಡಸಾಗಿದ್ದರೆ ಸಾಬೂನು ಜಿಗಟಾಗಿ ನೂಲಿಗೆ ಅಂಟಿಕೊಳ್ಳುತ್ತದೆ, ಆ ಜಿಗಟು ಮತ್ತೆ ಧೂಳನ್ನು ಹಿಡಿಯುತ್ತದೆ. ಮಳೆನೀರು ಸಂಗ್ರಹಿಸುವ ತೊಟ್ಟಿಯೊಂದಿದ್ದರೆ ಕೊನೆಯ ಜಾಲಿಕೆಗೆ ಅನುಕೂಲ.

ಬಂಡವಾಳದ ವಿಷಯ. 2008ರಲ್ಲಿ ಆರಂಭವಾದ ಪ್ರಧಾನಮಂತ್ರಿ ಉದ್ಯೋಗ ಸೃಜನ ಕಾರ್ಯಕ್ರಮದಲ್ಲಿ ಸೇವಾ ಉದ್ಯಮಗಳ ಯೋಜನಾ ವೆಚ್ಚದ ಮಿತಿಯನ್ನು 2022ರಲ್ಲಿ 20 ಲಕ್ಷ ರೂಪಾಯಿಗೆ ಏರಿಸಲಾಯಿತು. ಮಿತಿ ದೊಡ್ಡದಿದೆಯೆಂದು ಸಾಲವೂ ದೊಡ್ಡದಿರಬೇಕಾಗಿಲ್ಲ. ಕಂತು ಮಳೆಗಾಲದಲ್ಲಿಯೂ ಬರುತ್ತದೆ ಎಂಬುದನ್ನು ಮನೆಯ ಹಿರಿಯರೊಡನೆ ಕುಳಿತು ಲೆಕ್ಕ ಹಾಕಬೇಕು.

ಕೂಲಿಯನ್ನು ಚದರಡಿಗೆ ಇಷ್ಟೆಂದು ನಿಗದಿ ಮಾಡುವುದೇ ಮೇಲು. 10 ಅಡಿಗೆ 12 ಅಡಿಯ ಹಾಸೆಂದರೆ 120 ಚದರಡಿ, ವಾದಕ್ಕೆ ಎಡೆಯಿಲ್ಲ. ಒಯ್ಯುವಾಗಲೇ ಮನೆಯವರ ಎದುರಿಗೆ ಹಾಸನ್ನು ಬಿಚ್ಚಿ, ಇಲಿ ಕಡಿದ ಜಾಗ, ಹಳೆಯ ಕಲೆ, ಬಿಟ್ಟ ಬಣ್ಣ ಎಲ್ಲವನ್ನೂ ಎರಡು ಪ್ರತಿಯ ಚೀಟಿಯಲ್ಲಿ ಬರೆದು, ಇಬ್ಬರೂ ರುಜು ಹಾಕಿ, ಒಂದನ್ನು ಅವರ ಕೈಗೆ ಕೊಟ್ಟ ನಂತರವೇ ಸುತ್ತಿ ಗಾಡಿಗೆ ಹೇರಬೇಕು.