ಬಿಸಿಯಾದರೆ ನಿಲ್ಲುವ ಯೆಜ್ಡಿ

ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆಯಲ್ಲಿ 1996ರಲ್ಲೇ ಉತ್ಪಾದನೆ ನಿಂತಿತು. ಅಲ್ಲಿ ತಯಾರಾದ ಯೆಜ್ಡಿಯಲ್ಲೇ ಅಬ್ಬಾ ಈಗಲೂ ಅಂಗಡಿಗೆ ಸಾಮಾನು ತರುತ್ತಾರೆ. ಬೆಳಿಗ್ಗೆ ಚೆನ್ನಾಗಿ ಸ್ಟಾರ್ಟ್ ಆಗುತ್ತಿದ್ದ ಗಾಡಿ ಬಿಸಿಯಾದೊಡನೆ ನಿಲ್ಲತೊಡಗಿತು. ತಣ್ಣಗಾದರೆ ಮತ್ತೆ ಸ್ಟಾರ್ಟ್! ಒಬ್ಬ ಮೆಕ್ಯಾನಿಕ್ ಎಂಜಿನ್ ಬಿಚ್ಚಬೇಕೆಂದರು. ಅಷ್ಟು ದುಡ್ಡು ನಮ್ಮಲ್ಲಿರಲಿಲ್ಲ. ಆಗ ಮಾಮು ಕಲಿಸಿದ ಕ್ರಮವಿದು.

ಗಾಡಿ ನಿಂತ ಕೂಡಲೇ, ತಣ್ಣಗಾಗುವ ಮೊದಲೇ ಪ್ಲಗ್ ಬಿಚ್ಚಿ. ಒಣಗಿದ್ದರೆ ಪೆಟ್ರೋಲ್ ಬರುತ್ತಿಲ್ಲ. ಒದ್ದೆಯಿದ್ದರೆ ಕಿಡಿ ನೋಡಬೇಕು. ಬೇರೊಂದು ಒಳ್ಳೆಯ ಪ್ಲಗ್ಗನ್ನು ಕ್ಯಾಪಿಗೆ ಸಿಕ್ಕಿಸಿ, ಅದರ ಲೋಹದ ಭಾಗ ಎಂಜಿನ್‌ಗೆ ತಾಗುವಂತಿಟ್ಟು ಕಿಕ್ ಹೊಡೆಯಿರಿ. ಪ್ಲಗ್ ತೂತಿನಿಂದ ದೂರವಿಡಿ, ಪೆಟ್ರೋಲ್ ಆವಿ ಹತ್ತಿಕೊಂಡೀತು. ನೀಲಿ ಕಿಡಿ ಬಂದರೆ ಸರಿ. ಹಳದಿಯಾಗಿ ಸಣ್ಣಗಿದ್ದರೆ ಅಥವಾ ಬಾರದೇ ಇದ್ದರೆ ಪಾಯಿಂಟ್ ಇರುವ ಕವರ್ ತೆಗೆಯಿರಿ.

ಪಾಯಿಂಟ್ ಪೂರ್ತಿ ತೆರೆದಾಗ ನಡುವಿನ ಅಂತರ ಸುಮಾರು 0.4 ಮಿ.ಮೀ. ಇರಬೇಕು. ಅದು ತೆರೆದ ಕ್ಷಣದಲ್ಲಿ ಕಾಯಿಲ್‌ನ ಕರೆಂಟ್ ಥಟ್ಟನೆ ಕಡಿದುಹೋಗಬೇಕು. ಆಗಲೇ ಪ್ಲಗ್‌ಗೆ ಬೇಕಾದ ಸಾವಿರಾರು ವೋಲ್ಟ್ ಹುಟ್ಟುವುದು. ಹಾಗೆ ಕಡಿಯಲು ನೆರವಾಗುವುದು ಕಂಡೆನ್ಸರ್. ಅದು ಕೆಟ್ಟರೆ ಪಾಯಿಂಟ್ ನಡುವೆಯೇ ದೊಡ್ಡ ಕಿಡಿ ಹಾರಿ, ಪ್ಲಗ್‌ಗೆ ಹೋಗಬೇಕಾದ ಶಕ್ತಿ ಅಲ್ಲೇ ಪೋಲಾಗುತ್ತದೆ. ನಮ್ಮ ಗಾಡಿಯ ಪಾಯಿಂಟ್ ಸುಟ್ಟು ಕಪ್ಪಾಗಿತ್ತು. ಅದನ್ನು ಉಜ್ಜಿ, ಕಂಡೆನ್ಸರ್ ಬದಲಿಸಿದೆವು. ಅಷ್ಟೇ ರಿಪೇರಿ.

ಬಿಸಿಯಲ್ಲಿ ಮಾತ್ರ ಕೈಕೊಡುವ ಗುಣ ಕಾಯಿಲ್‌ಗೂ ಉಂಟು. ಆದರೆ ಕಂಡೆನ್ಸರ್ ಅಗ್ಗ. ಕಾಮರ್ಸ್ ವಿದ್ಯಾರ್ಥಿಯಾಗಿ ಹೇಳುತ್ತೇನೆ, ಮೊದಲು ಅಗ್ಗದ್ದನ್ನೇ ಬದಲಿಸಿ. ಆಮೇಲೂ ಬಿಸಿ ಗಾಡಿಯಲ್ಲಿ ಕಿಡಿ ಬಾರದಿದ್ದರೆ, ಗೆಳೆಯರ ಗಾಡಿಯ ಕಾಯಿಲ್ ಒಂದು ಗಂಟೆಗೆ ಕೇಳಿ ತಂದು ಹಾಕಿ ನೋಡಿ.